‘ಕ್ಯಾನ್ಸರ್‌ಗೆ ಹೊಸ ಔಷಧಿ ಬಂದಿದೆಯಂತೆ’: ಬಂದಿದ್ದರೆ ಅದು ನಮ್ಮ ಮನೆಯವರಿಗೆ ಸಿಗುವುದು ಹೇಗೆ?

‘ಇಮಿಟಿನೆಫ್ ಮರ್ಸಿಲೆಟ್’ ಎಂಬ ಹೆಸರು ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರಬಹುದು. ಇದು ರಕ್ತದ ಕ್ಯಾನ್ಸರ್ ವಾಸಿ ಮಾಡುತ್ತದೆ, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಎಲ್ಲರಿಗೂ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಎನ್ನುವ ಸಂದೇಶ ಅದು. ಇಮೇಲ್ ಕಾಲದಲ್ಲಿ ಹುಟ್ಟಿದ್ದು ವಾಟ್ಸಾಪ್ ಕಾಲದಲ್ಲೂ ಸತ್ತಿಲ್ಲ. ಆ ಹೆಸರಿನ ಔಷಧಿಯೇ ಇಲ್ಲ. ಇರುವುದು ಇಮ್ಯಾಟಿನಿಬ್ ಮೆಸಿಲೇಟ್. ಅದು ಕೂಡ ಎಲ್ಲ ರಕ್ತದ ಕ್ಯಾನ್ಸರ್‌ಗಳಿಗಲ್ಲ, ಮುಖ್ಯವಾಗಿ ಸಿಎಂಎಲ್ ಎಂಬ ಒಂದು ಬಗೆಗೆ. ಇದು ಸುಳ್ಳು ಎಂದು ಆಸ್ಪತ್ರೆಯೇ ಹೇಳಿದ ಮೇಲೂ ಸಂದೇಶ ಓಡಾಡುತ್ತಲೇ ಇದೆ.

ಸ್ತನ ಕ್ಯಾನ್ಸರ್ ಬಗ್ಗೆ ಬರುವ ಫಾರ್ವರ್ಡ್‌ಗಳು ಇಷ್ಟು ಸುಲಭಕ್ಕೆ ಸುಳ್ಳೆನಿಸುವುದಿಲ್ಲ. ‘ಕ್ಯಾನ್ಸರ್ ಮರುಕಳಿಸದಂತೆ ತಡೆಯುವ ಹೊಸ ಔಷಧಿ ಬಂದಿದೆ’ ಎನ್ನುವ ಸುದ್ದಿಯ ಹಿಂದೆ ಎಷ್ಟೋ ಸಲ ನಿಜವಾದ ಔಷಧಿ, ನಿಜವಾದ ಅಧ್ಯಯನ ಇರುತ್ತದೆ. ಆ ಔಷಧಿ ಭಾರತದಲ್ಲೇ ಮಾರಾಟಕ್ಕೂ ಇರಬಹುದು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿ ಕೂತ ಮನೆಯವರಿಗೆ ಡಾಕ್ಟರೇ ‘ಇನ್ನೊಂದು ಔಷಧಿ ಇದೆ, ಆದರೆ...’ ಎಂದು ಮಾತು ನಿಲ್ಲಿಸಿರುತ್ತಾರೆ. ಈ ‘ಆದರೆ’ಯ ಒಳಗೆ ಏನೇನಿದೆ ಎಂದು ನೋಡುವುದು ಈ ಬರಹದ ಉದ್ದೇಶ.

ಮೊದಲು ರಿಪೋರ್ಟ್ ತೆಗೆಯಿರಿ

ಸ್ತನ ಕ್ಯಾನ್ಸರ್ ಎನ್ನುವುದು ಒಂದೇ ಕಾಯಿಲೆಯಲ್ಲ. ಬಯಾಪ್ಸಿ ಅಥವಾ ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತುಣುಕನ್ನು ಲ್ಯಾಬ್‌ನಲ್ಲಿ ಮೂರು ವಿಷಯಗಳಿಗಾಗಿ ಪರೀಕ್ಷಿಸುತ್ತಾರೆ: ಇಆರ್, ಪಿಆರ್ ಮತ್ತು ಹರ್-2. ಮೊದಲೆರಡು ಹಾರ್ಮೋನಿಗೆ ಸಂಬಂಧಿಸಿದವು. ಅವು ಪಾಸಿಟಿವ್ ಆಗಿದ್ದರೆ ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಹರ್-2 ಎಂಬುದು ಕ್ಯಾನ್ಸರ್ ಕೋಶದ ಮೈಮೇಲಿರುವ, ‘ಬೆಳೆ, ಬೆಳೆ’ ಎಂದು ಕೋಶವನ್ನು ದೂಡುವ ಒಂದು ಪ್ರೋಟೀನು. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 15ರಿಂದ 20ರಲ್ಲಿ ಇದು ವಿಪರೀತವಾಗಿರುತ್ತದೆ. ಈ ಮೂರೂ ಇಲ್ಲದ್ದು ಟ್ರಿಪಲ್ ನೆಗೆಟಿವ್.

ಹೊಸ ಔಷಧಿಗಳು ಹೆಚ್ಚುಕಡಿಮೆ ಎಲ್ಲವೂ ಇವುಗಳಲ್ಲಿ ಯಾವುದೋ ಒಂದು ಗುಂಪಿಗಾಗಿಯೇ ಮಾಡಿದವು. ಪಕ್ಕದ ಮನೆಯ ಅಕ್ಕನಿಗೆ ಕೊಟ್ಟ ಇಂಜೆಕ್ಷನ್ ನಿಮ್ಮ ಅಮ್ಮನಿಗೆ ಯಾಕೆ ಬರೆದಿಲ್ಲ ಎಂಬುದಕ್ಕೆ ಉತ್ತರ ಬಹುತೇಕ ಸಲ ಈ ರಿಪೋರ್ಟ್‌ನಲ್ಲೇ ಇರುತ್ತದೆ, ಡಾಕ್ಟರ ಉದಾಸೀನದಲ್ಲಿ ಅಲ್ಲ.

ರಿಪೋರ್ಟ್‌ನಲ್ಲಿ ಹರ್-2 ಎದುರು 0, 1+, 2+, 3+ ಎಂದು ಬರೆದಿರುತ್ತಾರೆ. 3+ ಎಂದರೆ ಪಾಸಿಟಿವ್. 2+ ಎಂದರೆ ಅನುಮಾನ, ‘ಫಿಶ್’ ಎಂಬ ಇನ್ನೊಂದು ಪರೀಕ್ಷೆ ಮಾಡಿಸಲೇಬೇಕು. ಖರ್ಚಾಗುತ್ತದೆ ಎಂದು ಈ ಫಿಶ್ ಪರೀಕ್ಷೆಯನ್ನು ಬಿಟ್ಟರೆ, ಯಾವ ಔಷಧಿ ಬೇಕು ಎನ್ನುವುದೇ ಗೊತ್ತಾಗದೆ ಉಳಿಯುತ್ತದೆ. 0 ಮತ್ತು 1+ ಅನ್ನು ಹಿಂದೆಲ್ಲ ‘ನೆಗೆಟಿವ್’ ಎಂದು ಮಡಚಿಡುತ್ತಿದ್ದರು. 2022ರಲ್ಲಿ ಅದು ಬದಲಾಯಿತು. ಟ್ರಾಸ್ಟುಝುಮಾಬ್ ಡೆರಕ್ಸ್‌ಟೆಕಾನ್ ಎಂಬ ಔಷಧಿ, ದೇಹದ ಬೇರೆ ಕಡೆಗೆ ಹರಡಿದ ಕ್ಯಾನ್ಸರ್‌ನಲ್ಲಿ, ಹರ್-2 ಕಡಿಮೆ ಇರುವವರಿಗೂ (1+, ಅಥವಾ ಫಿಶ್ ನೆಗೆಟಿವ್ ಬಂದ 2+) ಉಪಯೋಗವಾಗುತ್ತದೆ ಎಂದು ಆ ವರ್ಷದ ಅಧ್ಯಯನ ತೋರಿಸಿತು. ಹಾಗಾಗಿ ಕೆಲವು ವರ್ಷಗಳ ಹಿಂದಿನ ರಿಪೋರ್ಟ್‌ನಲ್ಲಿ ಬರೀ ‘ನೆಗೆಟಿವ್’ ಎಂದಿದ್ದು, ಈಗ ಕಾಯಿಲೆ ಮರಳಿ ಬಂದಿದ್ದರೆ, ಅದು 0 ನೆಗೆಟಿವ್ವೋ 1+ ನೆಗೆಟಿವ್ವೋ ಎಂದು ಕೇಳುವುದು ತಪ್ಪಲ್ಲ. ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ ಲ್ಯಾಬ್‌ನವರು ಇಟ್ಟಿರುತ್ತಾರೆ, ಅದನ್ನು ‘ಬ್ಲಾಕ್’ ಎನ್ನುತ್ತಾರೆ. ಆಸ್ಪತ್ರೆ ಬದಲಾಯಿಸುವಾಗ ಫೈಲ್ ಜೊತೆ ಬ್ಲಾಕ್ ಕೂಡ ಕೇಳಿ ಪಡೆಯಿರಿ.

ಹೊಸದು ಹಳೆಯದಾಗಲು ಎಷ್ಟು ವರ್ಷ?

ಔಷಧಿ ಇದ್ದೂ ಸಿಗದಿರುವುದು ಎಂದರೇನು ಎಂದು ತಿಳಿಯಲು ಟ್ರಾಸ್ಟುಝುಮಾಬ್‌ನ ಕಥೆಗಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. ಹರ್-2 ಪಾಸಿಟಿವ್ ಕ್ಯಾನ್ಸರ್‌ಗೆ ಬಂದ ಮೊದಲ ಗುರಿ ಔಷಧಿ ಇದು. ಅಮೆರಿಕದ ಜೆನೆಂಟೆಕ್ ಕಂಪನಿ ತಯಾರಿಸಿದ್ದು, ‘ಹರ್ಸೆಪ್ಟಿನ್’ ಎಂಬ ಹೆಸರಲ್ಲಿ 1998ರಲ್ಲಿ ಅಲ್ಲಿ ಒಪ್ಪಿಗೆ ಪಡೆಯಿತು. ಒಪ್ಪಿಗೆಗೆ ಮುಂಚೆಯೇ, ಇನ್ನೂ ಪ್ರಯೋಗದಲ್ಲಿದ್ದಾಗಲೇ, ಸಾಯುವ ಹಂತದಲ್ಲಿದ್ದ ಹೆಂಗಸರು ಅದನ್ನು ಕೊಡಿ ಎಂದು ಕೇಳಿದ್ದರು. 1994ರಲ್ಲಿ ಹೋರಾಟಗಾರ್ತಿಯರು ಕಂಪನಿಯ ಆವರಣಕ್ಕೇ ನುಗ್ಗಿದರು. ಮರುವರ್ಷ ಕಂಪನಿ ಕೆಲವರಿಗೆ ಕೊಡಲು ಒಪ್ಪಿತು, ಆದರೆ ಯಾರಿಗೆ ಎಂಬುದನ್ನು ಲಾಟರಿ ಎತ್ತಿ ತೀರ್ಮಾನಿಸಿತು. ಬದುಕಿಗೆ ಚೀಟಿ ಎತ್ತುವುದು ಎಂದರೆ ಇದೇ.

2005ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ಹರಡಿದ ಕ್ಯಾನ್ಸರ್‌ಗೆ ಮಾತ್ರವಲ್ಲ, ಆಪರೇಷನ್ ಮತ್ತು ಕೀಮೋ ಆದ ಮೇಲೆ ಒಂದು ವರ್ಷ ಕೊಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿದವು. ಭಾರತದಲ್ಲಿ ಆಗ 440 ಮಿಲಿಗ್ರಾಂನ ಒಂದು ಬಾಟಲಿಯ ಬೆಲೆ ಲಕ್ಷ ರೂಪಾಯಿ ದಾಟಿತ್ತು.

2012ರಲ್ಲಿ ಎಮ್‌ಕ್ಯೂರ್ ಜೊತೆ ಸೇರಿ ರೋಷ್ ಕಂಪನಿ ಬೆಲೆಯನ್ನು ಸುಮಾರು 75,000ಕ್ಕೆ ಇಳಿಸಿತು. ಅದೇ ವರ್ಷ ಮಹಿಳಾ ಸಂಘಟನೆಗಳು, ರೋಗಿಗಳು ಸೇರಿ ಟ್ರಾಸ್ಟುಝುಮಾಬ್ ಕೈಗೆಟಕುವಂತಾಗಲಿ ಎಂದು ಅಭಿಯಾನ ಶುರುಮಾಡಿದರು. ಪೇಟೆಂಟ್ ಇದ್ದರೂ ಬೇರೆಯವರಿಗೆ ತಯಾರಿಸಲು ಸರ್ಕಾರ ಅನುಮತಿ ಕೊಡುವ ‘ಕಡ್ಡಾಯ ಪರವಾನಗಿ’ಯ ಮಾತು 2013ರ ಆರಂಭದಲ್ಲಿ ಆರೋಗ್ಯ ಸಚಿವಾಲಯದಿಂದಲೇ ಬಂತು. ಆ ವರ್ಷವೇ ರೋಷ್ ತನ್ನ ಭಾರತದ ಪೇಟೆಂಟನ್ನು ಕೈಬಿಟ್ಟಿತು. 2014ರ ಆರಂಭದಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ‘ಕ್ಯಾನ್‌ಮ್ಯಾಬ್’ ಎಂಬ ಹೆಸರಲ್ಲಿ ಅದೇ ಔಷಧಿಯ ಬಯೋಸಿಮಿಲರ್ ತಂದಿತು, ಬೆಲೆ 57,500. ಆಮೇಲೆ ಬೇರೆ ಭಾರತೀಯ ಕಂಪನಿಗಳೂ ಬಂದವು, ಬೆಲೆ ಇನ್ನೂ ಇಳಿಯಿತು. ಬಯೋಕಾನ್ ತನ್ನ ಪಾಲುದಾರ ಮೈಲಾನ್ ಜೊತೆ ರೂಪಿಸಿದ ಈ ಔಷಧಿಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ‘ದೇಶಿ ಬಯೋಸಿಮಿಲರ್ ಡೂಪ್ಲಿಕೇಟ್ ಮಾಲು’ ಎಂದು ಯಾರಾದರೂ ನಿಮಗೆ ಹೇಳಿದರೆ ಇದನ್ನು ನೆನಪಿಸಿ. ಬಯೋಸಿಮಿಲರ್ ಎಂದರೆ ಮೂಲ ಔಷಧಿಯ ಜೊತೆ ಹೋಲಿಸಿ ಪರೀಕ್ಷಿಸಿ, ಅಷ್ಟೇ ಕೆಲಸ ಮಾಡುತ್ತದೆ ಎಂದು ತೋರಿಸಿದ ಮೇಲೆ ಒಪ್ಪಿಗೆ ಪಡೆಯುವ ಜೈವಿಕ ಔಷಧಿ.

ಬಾಟಲಿಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇವೆ, ಏಕೆಂದರೆ ಹಣ ಸೋರುವುದು ಇಲ್ಲಿ. ಮೂರು ವಾರಕ್ಕೊಮ್ಮೆ ಕೊಡುವ ಪದ್ಧತಿಯಲ್ಲಿ ಮೊದಲ ಸಲ ಕೆಜಿಗೆ 8 ಮಿಲಿಗ್ರಾಂ, ಆಮೇಲೆ ಕೆಜಿಗೆ 6. 60 ಕೆಜಿ ತೂಕದವರಿಗೆ ಮೊದಲು 480, ಮುಂದೆ ಪ್ರತಿ ಸಲ 360 ಮಿಲಿಗ್ರಾಂ. ವರ್ಷಕ್ಕೆ 18 ಸಲ ಎಂದುಕೊಂಡರೆ ಒಟ್ಟು 6,600 ಮಿಲಿಗ್ರಾಂ, ಅಂದರೆ ಸರಿಯಾಗಿ 15 ಬಾಟಲಿ. ಪ್ರತಿ ಸಲ ಉಳಿದದ್ದನ್ನು ಚೆಲ್ಲಿದರೆ 19 ಬಾಟಲಿ ಬೇಕು. 2014ರ ಬೆಲೆಯಲ್ಲೇ ಲೆಕ್ಕ ಹಾಕಿದರೂ ಆ ನಾಲ್ಕು ಬಾಟಲಿ ಎಂದರೆ 2,30,000 ರೂಪಾಯಿ. 440 ಮಿಲಿಗ್ರಾಂ ಬಾಟಲಿಯನ್ನು ಅದರ ಜೊತೆಗೆ ಬರುವ ವಿಶೇಷ ನೀರಿನಲ್ಲೇ ಕಲಸಿ, ಫ್ರೀಜ್ ಆಗದಂತೆ 2ರಿಂದ 8 ಡಿಗ್ರಿಯಲ್ಲಿ ಇಟ್ಟರೆ 28 ದಿನ ಬಳಸಬಹುದು. ಮನೆಯ ಫ್ರಿಜ್‌ನಲ್ಲಿ ಇಡುವ ಸಾಹಸ ಬೇಡ. ಆಸ್ಪತ್ರೆಯಲ್ಲೇ ಇಡುತ್ತಾರಾ, ಒಂದೇ ದಿನ ಬರುವ ಇಬ್ಬರು ರೋಗಿಗಳ ನಡುವೆ ಹಂಚಿಕೊಳ್ಳುವ ವ್ಯವಸ್ಥೆ ಇದೆಯಾ ಎಂದು ನರ್ಸ್ ಅಥವಾ ಫಾರ್ಮಸಿಯವರನ್ನು ಕೇಳಿ.

ಇಡೀ ವರ್ಷ ಆಗುವುದೇ ಇಲ್ಲ ಎನ್ನುವವರಿಗೆ ಇನ್ನೊಂದು ಮಾತು. ಬ್ರಿಟನ್ನಿನಲ್ಲಿ 4,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ‘ಪರ್ಸಿಫನಿ’ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. 12 ತಿಂಗಳು ಕೊಟ್ಟವರಲ್ಲಿ ನಾಲ್ಕು ವರ್ಷದ ಕೊನೆಗೆ ಕಾಯಿಲೆ ಮರಳದೆ ಇದ್ದವರು 89.8%, ಆರು ತಿಂಗಳು ಕೊಟ್ಟವರಲ್ಲಿ 89.4%. ಎಲ್ಲ ದೇಶಗಳ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲ, ಹಾಗಾಗಿ ಒಂದು ವರ್ಷವೇ ಇಂದಿಗೂ ಸಾಮಾನ್ಯ ಪದ್ಧತಿ. ಆದರೆ ‘ವರ್ಷ ಪೂರ್ತಿ ಆಗದಿದ್ದರೆ ಒಂದೂ ಬೇಡ’ ಎಂದು ಮನೆಗೆ ಹೋಗುವ ಮುಂಚೆ ಆರು ತಿಂಗಳ ಮಾತನ್ನು ಡಾಕ್ಟರ ಮುಂದೆ ಇಡಬಹುದು.

ಇವತ್ತಿನ ‘ಹೊಸ’ ಔಷಧಿಗಳು

ಟ್ರಾಸ್ಟುಝುಮಾಬ್ ಈಗ ಹಳೆಯದಾಯಿತು. ಹೊಸ ಸಾಲಿನಲ್ಲಿ ಅದರ ಹೆಸರನ್ನೇ ಹೊತ್ತ ಇಬ್ಬರು ತಮ್ಮಂದಿರಿದ್ದಾರೆ: ಟ್ರಾಸ್ಟುಝುಮಾಬ್ ಎಮ್‌ಟಾನ್‌ಸಿನ್ ಮತ್ತು ಈಗಾಗಲೇ ಹೇಳಿದ ಟ್ರಾಸ್ಟುಝುಮಾಬ್ ಡೆರಕ್ಸ್‌ಟೆಕಾನ್. ಇವು ಬೇರೆಯೇ ಔಷಧಿಗಳು, ಬೆನ್ನಿಗೆ ಕೀಮೋ ಕಟ್ಟಿಕೊಂಡು ಹೋಗುವಂಥವು, ಡೋಸ್ ಕೂಡ ಬೇರೆ. ಒಂದರ ಬದಲು ಇನ್ನೊಂದು ಹಾಕಿದರೆ ಜೀವಕ್ಕೇ ಅಪಾಯ. 2024ರ ಜುಲೈ ಬಜೆಟ್‌ನಲ್ಲಿ ಮೂರು ಕ್ಯಾನ್ಸರ್ ಔಷಧಿಗಳಿಗೆ ಆಮದು ಸುಂಕ ಮನ್ನಾ ಆಯಿತಲ್ಲ, ಅದರಲ್ಲಿದ್ದದ್ದು ಡೆರಕ್ಸ್‌ಟೆಕಾನ್. ಆಮೇಲೆ ಜಿಎಸ್‌ಟಿ ಕೂಡ 12%ನಿಂದ 5%ಗೆ ಇಳಿಯಿತು. ಬೆಲೆ ಸ್ವಲ್ಪ ಇಳಿಯಿತೇ ಹೊರತು ಸಾಮಾನ್ಯರ ಕೈಗೆ ಬರುವಷ್ಟಲ್ಲ. ‘ಕ್ಯಾನ್ಸರ್ ಔಷಧಿ ಇನ್ನು ಅಗ್ಗ’ ಎಂಬ ಫಾರ್ವರ್ಡ್ ಓದಿ ಮೆಡಿಕಲ್ ಶಾಪಿಗೆ ಹೋದವರಿಗೆ ನಿರಾಸೆಯಾಗುವುದು ಸಹಜ.

ಎಮ್‌ಟಾನ್‌ಸಿನ್‌ನ ಜಾಗ ಬೇರೆ. ಹರ್-2 ಪಾಸಿಟಿವ್ ಇದ್ದು, ಆಪರೇಷನ್‌ಗೆ ಮುಂಚೆಯೇ ಕೀಮೋ ಮತ್ತು ಟ್ರಾಸ್ಟುಝುಮಾಬ್ ಕೊಟ್ಟು, ಆಮೇಲೂ ತೆಗೆದ ಗಡ್ಡೆಯಲ್ಲಿ ಕ್ಯಾನ್ಸರ್ ಕೋಶ ಉಳಿದಿದ್ದರೆ ಅವರಿಗೆ ಇದು ಮುಖ್ಯ. ‘ಕ್ಯಾಥರೀನ್’ ಅಧ್ಯಯನದಲ್ಲಿ ಮೂರು ವರ್ಷದ ನಂತರ ಕಾಯಿಲೆ ಮರಳದೆ ಇದ್ದವರು ಟ್ರಾಸ್ಟುಝುಮಾಬ್ ಪಡೆದ ನೂರರಲ್ಲಿ 77, ಎಮ್‌ಟಾನ್‌ಸಿನ್ ಪಡೆದ ನೂರರಲ್ಲಿ 88. ಅಂದರೆ ನೂರರಲ್ಲಿ ಹನ್ನೊಂದು ಜನರಿಗೆ ನೇರ ವ್ಯತ್ಯಾಸ. ಇದರ ಬಯೋಸಿಮಿಲರ್ ಅನ್ನು 2021ರಲ್ಲಿ ಜೈಡಸ್ ಕಂಪನಿ ಭಾರತದಲ್ಲಿ ತಂದಿದೆ, ಮೂಲ ಔಷಧಿಗಿಂತ ಬಹಳ ಕಡಿಮೆಗೆ.

ಹಾರ್ಮೋನ್ ಪಾಸಿಟಿವ್ ಇದ್ದು, ಕಂಕುಳಿನ ಗ್ರಂಥಿಗಳಿಗೆ ಹರಡಿ, ಮರುಕಳಿಸುವ ಅಪಾಯ ಹೆಚ್ಚಿರುವವರಿಗೆ ಅಬೆಮಾಸಿಕ್ಲಿಬ್ ಎಂಬ ಮಾತ್ರೆ ಎರಡು ವರ್ಷ. ಐದು ವರ್ಷದ ಲೆಕ್ಕದಲ್ಲಿ ಹಾರ್ಮೋನ್ ಮಾತ್ರೆಯೊಂದನ್ನೇ ತೆಗೆದುಕೊಂಡ ನೂರರಲ್ಲಿ 76 ಜನರಿಗೆ ಕಾಯಿಲೆ ಮರಳಲಿಲ್ಲ, ಇದನ್ನೂ ಸೇರಿಸಿದವರಲ್ಲಿ ಸುಮಾರು 84. ಭೇದಿ ಸಾಮಾನ್ಯ. ಮೊದಲೇ ಹೇಳದಿದ್ದರೆ ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಇದೇ ಕುಟುಂಬದ ರೈಬೊಸಿಕ್ಲಿಬ್‌ಗೂ 2024ರಲ್ಲಿ ಅಮೆರಿಕದಲ್ಲಿ ಇಂಥದ್ದೇ ಬಳಕೆಗೆ ಒಪ್ಪಿಗೆ ಸಿಕ್ಕಿತು, ಅದು ಮೂರು ವರ್ಷ.

ಇಲ್ಲಿ ಒಂದು ಎಚ್ಚರಿಕೆ. ಈ ಕುಟುಂಬದ ಮೂರನೆಯದು ಪಾಲ್ಬೊಸಿಕ್ಲಿಬ್. ಅದರ ಪೇಟೆಂಟ್ ಭಾರತದಲ್ಲಿ 2023ರ ಜನವರಿಯಲ್ಲಿ ಮುಗಿಯಿತು, ಹಲವು ಕಂಪನಿಗಳು ಬಂದು ಬೆಲೆ ಕುಸಿಯಿತು. ಹರಡಿದ ಕ್ಯಾನ್ಸರ್ ಇರುವವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ‘ಅದೇ ಗುಂಪು, ಅಗ್ಗ’ ಎಂದು ಆಪರೇಷನ್ ಆದ ಆರಂಭಿಕ ಹಂತದವರು ಅಬೆಮಾಸಿಕ್ಲಿಬ್ ಬದಲು ಇದನ್ನು ನುಂಗಿದರೆ ಪ್ರಯೋಜನವಿಲ್ಲ. ಆ ಹಂತದಲ್ಲಿ ಪಾಲ್ಬೊಸಿಕ್ಲಿಬ್ ಅನ್ನು ಎರಡು ದೊಡ್ಡ ಅಧ್ಯಯನಗಳಲ್ಲಿ ನೋಡಿದ್ದಾರೆ, ಎರಡರಲ್ಲೂ ಲಾಭ ಕಾಣಲಿಲ್ಲ. ಅಣ್ಣತಮ್ಮಂದಿರು ಒಂದೇ ಮನೆಯವರಾದರೂ ಒಂದೇ ಕೆಲಸ ಮಾಡುತ್ತಾರೆ ಎಂದೇನಿಲ್ಲ.

‘ಅರ್ಧದಷ್ಟು ಅಪಾಯ ಕಡಿಮೆ’ ಎಂಬ ಸುದ್ದಿಯ ಶೀರ್ಷಿಕೆಗಿಂತ ನೂರು ಜನರ ಲೆಕ್ಕ ಉಪಯೋಗಕ್ಕೆ ಬರುತ್ತದೆ. ‘ನಮ್ಮಂಥ ನೂರು ಜನರಲ್ಲಿ ಇದರಿಂದ ಎಷ್ಟು ಜನ ಹೆಚ್ಚು ಉಳಿಯುತ್ತಾರೆ ಡಾಕ್ಟ್ರೇ?’ ಎಂದೇ ಕೇಳಿ. ಜಮೀನು ಮಾರಬೇಕೆ, ಒಡವೆ ಅಡವಿಡಬೇಕೆ ಎನ್ನುವ ಪ್ರಶ್ನೆ ಎದುರಿರುವಾಗ ಈ ಸಂಖ್ಯೆ ಗೊತ್ತಿರಬೇಕು. ಹೊಸದರ ಹಿಂದೆ ಓಡುತ್ತಾ ಹಳೆಯ ಟಾಮೊಕ್ಸಿಫೆನ್ ಅಥವಾ ಲೆಟ್ರೊಜೋಲ್ ಮಾತ್ರೆಯನ್ನು ಮಧ್ಯದಲ್ಲೇ ಬಿಡುವುದಂತೂ ಬೇಡವೇ ಬೇಡ. ಹಾರ್ಮೋನ್ ಪಾಸಿಟಿವ್ ಇದ್ದವರಲ್ಲಿ ಐದು ವರ್ಷದ ಟಾಮೊಕ್ಸಿಫೆನ್ ಸ್ತನ ಕ್ಯಾನ್ಸರ್ ಸಾವನ್ನು ಸುಮಾರು ಮೂರರಲ್ಲಿ ಒಂದು ಭಾಗ ಕಡಿಮೆ ಮಾಡಿದೆ. ಅಗ್ಗದ ಮಾತ್ರೆಯಾದ್ದರಿಂದ ಅದರ ಬಗ್ಗೆ ಯಾರೂ ಫಾರ್ವರ್ಡ್ ಕಳಿಸುವುದಿಲ್ಲ.

ಹಣದ ದಾರಿಗಳು

ಕೇರಳದ ಒಬ್ಬ ಮಹಿಳೆ 2022ರಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತಿದರು. ಅವರಿಗೆ ಬೇಕಿದ್ದ ರೈಬೊಸಿಕ್ಲಿಬ್‌ಗೆ ತಿಂಗಳಿಗೆ 58,000 ರೂಪಾಯಿಗೂ ಹೆಚ್ಚು ಬೀಳುತ್ತಿತ್ತು. ಕಡ್ಡಾಯ ಪರವಾನಗಿ ಕೊಟ್ಟು ಅಗ್ಗದಲ್ಲಿ ತಯಾರಿಸಲು ಬಿಡಿ ಎಂಬುದು ಕೋರಿಕೆ. ತೀರ್ಪಿಗೆ ಮುಂಚೆಯೇ ಅವರು ತೀರಿಕೊಂಡರು. ವಿಷಯ ದೊಡ್ಡದು ಎಂದು ಕೋರ್ಟ್ ತಾನೇ ಪ್ರಕರಣವನ್ನು ಮುಂದುವರಿಸಿತು. ಭಾರತ ಈ ಅಸ್ತ್ರವನ್ನು 2012ರಲ್ಲಿ ಸೊರಾಫೆನಿಬ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿಗೆ ಬಳಸಿತ್ತು, ತಿಂಗಳ ಖರ್ಚು 2,80,000ದಿಂದ 8,800ಕ್ಕೆ ಇಳಿದಿತ್ತು. ಕಾನೂನಿನಲ್ಲಿ ದಾರಿ ಇದೆ, ಆದರೆ ಕಾಯಿಲೆ ಕೋರ್ಟಿನ ತಾರೀಕಿಗೆ ಕಾಯುವುದಿಲ್ಲ.

ಹಾಗಾಗಿ ಈಗಿರುವ ದಾರಿಗಳು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಉಳಿದವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಔಷಧಿ ಕೊಂಡು ಆಮೇಲೆ ಬಿಲ್ ಕೊಟ್ಟು ಹಣ ಕೇಳುವ ಯೋಜನೆ ಇದಲ್ಲ, ಮುಂಚಿತವಾಗಿ ಒಪ್ಪಿಗೆ ಪಡೆಯಬೇಕು. ಡಾಕ್ಟರ್ ಬರೆದ ಔಷಧಿ ಪ್ಯಾಕೇಜ್‌ನಲ್ಲಿ ಇದೆಯಾ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಚೀಟಿ ಸಮೇತ ಕೇಳಿ. ಬೆಂಗಳೂರಿನ ಕಿದ್ವಾಯಿಯಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲಿ ಬಡ ರೋಗಿಗಳಿಗಾಗಿ ಕೇಂದ್ರ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿ ಇದೆ. ಮುಖ್ಯಮಂತ್ರಿ ಪರಿಹಾರ ನಿಧಿ ಮತ್ತು ಪ್ರಧಾನಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು, ಖರ್ಚಿನ ಒಂದು ಭಾಗ ಸಿಗುತ್ತದೆ.

ಖಾಸಗಿ ವಿಮೆ ಇದ್ದವರು ಒಂದು ವಿಷಯ ತಿಳಿದಿರಬೇಕು. ಇಂಜೆಕ್ಷನ್ ರೂಪದ ಮಾನೋಕ್ಲೋನಲ್ ಆ್ಯಂಟಿಬಾಡಿ ಮತ್ತು ಬಾಯಿಂದ ತೆಗೆದುಕೊಳ್ಳುವ ಕೀಮೋವನ್ನು ‘ಆಧುನಿಕ ಚಿಕಿತ್ಸೆ’ ಎಂದು ಗುರುತಿಸಿ, ಅವನ್ನು ಪಾಲಿಸಿಯಿಂದ ಹೊರಗಿಡಬಾರದು ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲೇ ಹೇಳಿದೆ. ಟ್ರಾಸ್ಟುಝುಮಾಬ್ ಇಂಥ ಆ್ಯಂಟಿಬಾಡಿಯೇ. ಕಂಪನಿಗಳು ಇದಕ್ಕೆ ಪ್ರತ್ಯೇಕ ಮಿತಿ ಹಾಕಿರಬಹುದು, ಪಾಲಿಸಿ ಪುಸ್ತಕ ನೋಡಿ. ‘24 ಗಂಟೆ ಅಡ್ಮಿಟ್ ಆಗಿಲ್ಲ’ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಿದರೆ ಸುಮ್ಮನಾಗಬೇಡಿ, ಲಿಖಿತ ಕಾರಣ ಕೇಳಿ. ಆಮೇಲೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗುವ ದಾರಿ ಇದೆ.

ಎಷ್ಟೋ ಕಂಪನಿಗಳು ಇಷ್ಟು ಡೋಸ್ ಕೊಂಡರೆ ಉಳಿದದ್ದು ಉಚಿತ ಎನ್ನುವ ರೋಗಿ ಸಹಾಯ ಯೋಜನೆ ನಡೆಸುತ್ತವೆ. ಇವು ಜಾಹೀರಾತಿನಲ್ಲಿ ಬರುವುದಿಲ್ಲ. ಡಾಕ್ಟರ ಸಹಿಯಿಂದಲೇ ನೋಂದಣಿ ಆಗಬೇಕು, ಅದೂ ಮೊದಲ ಡೋಸ್ ಕೊಳ್ಳುವ ಮುಂಚೆ ಕೇಳಿದರೆ ಒಳ್ಳೆಯದು. ಕ್ಲಿನಿಕಲ್ ಟ್ರಯಲ್‌ಗೆ ಸೇರಿದರೆ ಪ್ರಯೋಗದ ಔಷಧಿಗೆ ಹಣ ಕೊಡಬೇಕಾಗಿಲ್ಲ. ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ದೇಶದ ಟ್ರಯಲ್‌ಗಳ ವಿವರ ಯಾರು ಬೇಕಾದರೂ ನೋಡಬಹುದು. ಭಾರತದಲ್ಲಿ ಇನ್ನೂ ಒಪ್ಪಿಗೆಯೇ ಆಗದ ಔಷಧಿಯಾದರೆ, ಡಾಕ್ಟರ ಚೀಟಿ ಇಟ್ಟು ಸ್ವಂತ ಬಳಕೆಗೆ ಸ್ವಲ್ಪ ಪ್ರಮಾಣದಲ್ಲಿ ತರಿಸಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೆ 12ಎ ನಮೂನೆಯಲ್ಲಿ ಅರ್ಜಿ ಹಾಕಬಹುದು. ಬೆಲೆ ಮಾತ್ರ ವಿದೇಶದ್ದೇ.

ಒಂದೇ ಔಷಧಿಯ ಬೆಲೆ ಎರಡು ಆಸ್ಪತ್ರೆಯಲ್ಲಿ ಅಜಗಜಾಂತರ ಇರುವುದೂ ಉಂಟು. ಮುಂಬೈನ ಟಾಟಾ ಮೆಮೋರಿಯಲ್ ಮುಂದಾಳತ್ವದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ಆಸ್ಪತ್ರೆಗಳು ಒಟ್ಟಾಗಿ 40 ಔಷಧಿಗಳನ್ನು ಸಗಟಾಗಿ ಕೊಂಡಾಗ 23%ರಿಂದ 99%ವರೆಗೆ ಉಳಿತಾಯವಾಯಿತು. ಚಿಕಿತ್ಸೆ ಒಂದು ಕಡೆ ನಡೆಯುತ್ತಿದ್ದರೂ, ಔಷಧಿಯ ಬೆಲೆಯನ್ನು ಸರ್ಕಾರಿ ಆಸ್ಪತ್ರೆಯ ಫಾರ್ಮಸಿಯಲ್ಲೂ ಅಮೃತ್ ಔಷಧಿ ಮಳಿಗೆಯಲ್ಲೂ ವಿಚಾರಿಸಲು ಸಂಕೋಚ ಬೇಡ.

ಅಗ್ಗಕ್ಕೆ ಸಿಗುತ್ತದೆ ಎಂದು ಬಂದ ಮೆಸೇಜ್

‘ಅದೇ ಇಂಜೆಕ್ಷನ್, ಅರ್ಧ ಬೆಲೆ, ಮನೆಗೇ ತಲುಪಿಸುತ್ತೇವೆ’ ಎಂಬ ಮೆಸೇಜಿಗೆ ಮಾತ್ರ ಮರುಳಾಗಬೇಡಿ. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಒಂದು ಜಾಲವನ್ನು ಹಿಡಿದರು. ದುಬಾರಿ ಕ್ಯಾನ್ಸರ್ ಇಂಜೆಕ್ಷನ್‌ಗಳ ಖಾಲಿ ಬಾಟಲಿಗಳನ್ನು ಆಸ್ಪತ್ರೆಯ ಕೆಲವು ಸಿಬ್ಬಂದಿಯಿಂದಲೇ ಕೊಂಡು, ಶಿಲೀಂಧ್ರಕ್ಕೆ ಕೊಡುವ ಅಗ್ಗದ ಔಷಧಿ ತುಂಬಿ, ಮತ್ತೆ ಮುಚ್ಚಿ ಲಕ್ಷಗಟ್ಟಲೆಗೆ ಮಾರುತ್ತಿದ್ದರು. ಬಾಟಲಿ ಅಸಲಿ, ಲೇಬಲ್ ಅಸಲಿ, ಒಳಗಿದ್ದದ್ದು ಮಾತ್ರ ನಕಲಿ.

ಆದ್ದರಿಂದ ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್‌ನಲ್ಲಿರುವ ಬ್ಯಾಚ್ ನಂಬರ್ ಮತ್ತು ಬಾಟಲಿಯ ಮೇಲಿನದ್ದು ಒಂದೇ ಇದೆಯಾ ನೋಡಿ, ಐಸ್ ಪ್ಯಾಕ್ ಇಲ್ಲದ ಬರಿಗೈ ಪಾರ್ಸೆಲ್ ಬಂದರೆ ವಾಪಸ್ ಕಳಿಸಿ. ನಿಮ್ಮೆದುರೇ ಸೀಲ್ ಒಡೆಯಲು ನರ್ಸ್‌ಗೆ ಹೇಳಿ. ಡ್ರಿಪ್ ಮುಗಿದ ಮೇಲೆ ಲೇಬಲ್‌ನ ಫೋಟೋ ತೆಗೆದಿಟ್ಟುಕೊಂಡು, ಆ ಲೇಬಲ್ ಮೇಲೆ ಪೆನ್ನಿನಿಂದ ಗೀಚಿಯೇ ಖಾಲಿ ಬಾಟಲಿಯನ್ನು ಕಸಕ್ಕೆ ಹಾಕುವಂತೆ ಕೇಳಿ.